ಮೈನ್‌ಕ್ರಾಫ್ಟ್‌ನಲ್ಲಿ ನೀರೆತ್ತುವ ಬ್ಲಾಕ್

ಕಂಪ್ಯೂಟರ್ ಆಟಗಳಲ್ಲಿ ‘ಸ್ಯಾಂಡ್‌ಬಾಕ್ಸ್’ ಎಂದು ಕರೆಯಲಾಗುವ ಒಂದು ಬಗೆಯಿದೆ. ಸೋಲಿಸಲೇಬೇಕಾದ ಎದುರಾಳಿಯಾಗಲಿ ಮುಟ್ಟಲೇಬೇಕಾದ ಗುರಿಯಾಗಲಿ ಇಲ್ಲದೆ, ಕೈಗೆ ದೊರೆತ ಸಾಮಗ್ರಿಯಿಂದ ಮನಸ್ಸಿಗೆ ಬಂದುದನ್ನು ಕಟ್ಟುತ್ತಾ ಹೋಗುವುದೇ ಇಂಥ ಆಟದ ಸ್ವರೂಪ. ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಮೈನ್‌ಕ್ರಾಫ್ಟ್. ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರ ಮೇ ತಿಂಗಳಲ್ಲಿ ಇದರ ಮೊದಲ ರೂಪವನ್ನು ಸಾರ್ವಜನಿಕರ ಮುಂದಿಟ್ಟರು. 2011ರ ನವೆಂಬರ್‌ನಲ್ಲಿ ಪೂರ್ಣರೂಪ ಬಿಡುಗಡೆಯಾಯಿತು. 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರ್ ತೆತ್ತು ಇದರ ತಯಾರಕ ಸಂಸ್ಥೆಯಾದ ಮೊಜಾಂಗನ್ನು ಕೊಂಡುಕೊಂಡಿತು. ಆಟದ ಜಗತ್ತೆಲ್ಲವೂ ಒಂದು ಮೀಟರ್ ಅಳತೆಯ ಘನಾಕೃತಿಗಳಿಂದ, ಎಂದರೆ ‘ಬ್ಲಾಕ್’ಗಳಿಂದ ಆಗಿದ್ದು, ಮಣ್ಣು, ಕಲ್ಲು, ಮರ, ಅದಿರು ಎಲ್ಲವನ್ನೂ ಅಗೆದು ತೆಗೆದು ಬೇರೆಡೆ ಇಡಬಹುದು. ಈ ಸಾಗಾಟಕ್ಕೆ ಯಂತ್ರಗಳೂ ಒಂದೊಂದಾಗಿ ಬಂದಿವೆ. 2011ರಲ್ಲಿ ಸೇರಿದ ಪಿಸ್ಟನ್ ಸಾಲಾಗಿ ನಿಂತ 12 ಬ್ಲಾಕ್‌ಗಳನ್ನು ಒಮ್ಮೆಗೇ ತಳ್ಳಬಲ್ಲದು; 2013ರಲ್ಲಿ ಬಂದ ಹಾಪರ್ ಎಂಬ ಆಲಿಕೆಯಾಕಾರದ ಪೆಟ್ಟಿಗೆ ವಸ್ತುಗಳನ್ನು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ತಾನಾಗಿ ಸಾಗಿಸುತ್ತದೆ. ನೀರನ್ನು ತಗ್ಗಿನಿಂದ ಎತ್ತರಕ್ಕೆ ಒಯ್ಯುವ ಬ್ಲಾಕ್ ಮಾತ್ರ ಮೂಲ ಆಟದಲ್ಲಿ ಇನ್ನೂ ಇಲ್ಲ. ಅಂಥದೊಂದು ಪಂಪನ್ನು ಸೇರಿಸಬೇಕೆಂಬ ಸಲಹೆ ಮೇಲ್ನೋಟಕ್ಕೆ ಬಹಳ ಸರಳವಾಗಿ ಕಂಡರೂ, ಆ ಪಂಪು ಎತ್ತಬೇಕಾದುದು ನಿಖರವಾಗಿ ಏನನ್ನು ಎಂದು ವಿಚಾರಿಸತೊಡಗಿದೊಡನೆ ಅದು ತೊಡಕಿನ ಪ್ರಶ್ನೆಯಾಗುತ್ತದೆ.

ತೊಡಕಿನ ಮೂಲವಿರುವುದು ಈ ಆಟದ ನೀರಿನ ಸ್ವಭಾವದಲ್ಲಿ. ಇಲ್ಲಿನ ನೀರು ಎರಡು ಬಗೆಯದು. ಆಟಗಾರರು ‘ಸೋರ್ಸ್’ ಎನ್ನುವ ಮೊದಲನೆಯದನ್ನು ಕನ್ನಡದಲ್ಲಿ ಒರತೆ ಎನ್ನಬಹುದು. ಅದು ಯಾರೂ ತೆಗೆಯದ ಹೊರತು ಇದ್ದಲ್ಲೇ ಇರುವ, ಎಷ್ಟು ಹರಿದರೂ ಬತ್ತದ ಬ್ಲಾಕ್. ಎರಡನೆಯದು ಆ ಒರತೆಯಿಂದ ಹೊರಟ ಹರಿವು; ಒರತೆಯನ್ನು ತೆಗೆದರೆ ಅದು ತಾನಾಗಿ ಒಣಗಿಹೋಗುತ್ತದೆ. ಸಮತಟ್ಟಾದ ಬಯಲಿನ ನಡುವೆ ಒಂದು ಒರತೆಯನ್ನಿಟ್ಟರೆ ನೀರು ಪ್ರತಿ ಕಾಲು ಸೆಕೆಂಡಿಗೆ ಒಂದು ಬ್ಲಾಕಿನಂತೆ ನಾಲ್ಕು ದಿಕ್ಕಿಗೂ ಮುಂದುವರಿದು, ಹೆಜ್ಜೆಹೆಜ್ಜೆಗೂ ಒಂದೊಂದು ಮಟ್ಟ ತೆಳುವಾಗುತ್ತಾ, ಏಳನೆಯ ಬ್ಲಾಕಿನಲ್ಲಿ ನಿಂತುಬಿಡುತ್ತದೆ. ಹೀಗೆ ಎರಡು ಸೆಕೆಂಡಿನೊಳಗೆ, ಒರತೆಯೂ ಸೇರಿ 113 ಚೌಕಗಳ ಒಂದು ವಜ್ರಾಕೃತಿ ನೆಲದ ಮೇಲೆ ಮೂಡುತ್ತದೆ. ನಾಲ್ಕು ಬ್ಲಾಕ್ ದೂರದೊಳಗೆ ಎಲ್ಲಿಯಾದರೂ ತಗ್ಗಿದ್ದರೆ ನೀರು ಉಳಿದ ದಿಕ್ಕುಗಳನ್ನು ಬಿಟ್ಟು ಅತ್ತಲೇ ಹರಿಯುತ್ತದೆ. ಅಂಚಿನಿಂದ ಕೆಳಕ್ಕೆ ಬಿದ್ದರೆ ಎಷ್ಟೇ ಆಳಕ್ಕಾದರೂ ಬೀಳುತ್ತದೆ, ಮತ್ತು ತಳ ಮುಟ್ಟಿದ ಮೇಲೆ ಮತ್ತೆ ಏಳು ಬ್ಲಾಕ್ ಹರಡುವ ಶಕ್ತಿಯನ್ನು ಹೊಸದಾಗಿ ಪಡೆಯುತ್ತದೆ.

ಇದರಲ್ಲೆಲ್ಲೂ ನೀರಿನ ಪ್ರಮಾಣದ ಲೆಕ್ಕವಿಲ್ಲ ಎಂಬುದನ್ನು ಗಮನಿಸಬೇಕು. ಪ್ರತಿಯೊಂದು ಬ್ಲಾಕ್ ತನ್ನ ನೆರೆಯ ಬ್ಲಾಕ್‌ಗಳನ್ನಷ್ಟೇ ನೋಡಿ ತನ್ನ ಮುಂದಿನ ಸ್ಥಿತಿಯನ್ನು ನಿರ್ಧರಿಸುತ್ತದೆ. ಗಣಿತದಲ್ಲಿ ‘ಸೆಲ್ಯುಲರ್ ಆಟೊಮ್ಯಾಟನ್’ ಎನಿಸಿದ, ಜಾನ್ ಕಾನ್ವೇ ಅವರ 1970ರ ‘ಗೇಮ್ ಆಫ್ ಲೈಫ್’ನಿಂದ ಜನಪ್ರಿಯವಾದ ಚೌಕಗಳ ವ್ಯವಸ್ಥೆಯ ಜಾತಿಗೆ ಸೇರಿದ್ದು ಇದು. ಆದ್ದರಿಂದ ಮೈನ್‌ಕ್ರಾಫ್ಟ್‌ನ ನೀರನ್ನು ಒಂದು ವಸ್ತುವೆನ್ನುವುದಕ್ಕಿಂತ ಒಂದು ಸ್ಥಿತಿಯೆನ್ನುವುದೇ ಸರಿ. ಎರಡು ಒರತೆಗಳ ನಡುವೆ, ಗಟ್ಟಿ ನೆಲದ ಮೇಲೆ ಸಿಕ್ಕಿಕೊಂಡ ಹರಿವು ತಾನೂ ಒರತೆಯಾಗಿ ಮಾರ್ಪಡುತ್ತದೆ. ಹಾಗಾಗಿ ಎರಡು ಬ್ಲಾಕ್ ಉದ್ದ, ಎರಡು ಬ್ಲಾಕ್ ಅಗಲದ ಒಂದು ಸಣ್ಣ ಗುಂಡಿಯ ಎದುರುಬದುರು ಮೂಲೆಗಳಿಗೆ ಎರಡು ಬಕೆಟ್ ನೀರು ಸುರಿದರೆ ಗುಂಡಿಯಿಡೀ ತುಂಬಿ, ಅದರಿಂದ ಮುಂದೆ ಸಾವಿರ ಬಕೆಟ್ ಎತ್ತಿಕೊಂಡರೂ ಬರಿದಾಗದ ಅಕ್ಷಯ ಕೊಳವಾಗುತ್ತದೆ. ಮೂರು ಕಬ್ಬಿಣದ ಗಟ್ಟಿಗಳಿಂದ ತಯಾರಾಗುವ ಆ ಬಕೆಟಿನ ಮಹಿಮೆಯೂ ಕಡಿಮೆಯದಲ್ಲ. ಒಂದು ಘನಮೀಟರ್, ಎಂದರೆ 1000 ಲೀಟರ್ ನೀರು ಅದರಲ್ಲಿ ಹಿಡಿಯುತ್ತದೆ. 36 ಖಾನೆಗಳ ಚೀಲದ ತುಂಬ ಅಂಥ ಬಕೆಟ್‌ಗಳನ್ನು ಹೊತ್ತ ಆಟಗಾರ 36 ಟನ್ ನೀರಿನೊಡನೆ ಸಲೀಸಾಗಿ ಓಡಾಡುತ್ತಾನೆ.

ಹಾಗಿದ್ದರೆ ಪಂಪಿನ ಅಗತ್ಯವಾದರೂ ಏನು ಎಂದು ಕೇಳಬಹುದು. ನೀರಿನ ಕೊರತೆ ಈ ಆಟದಲ್ಲಿ ಇಲ್ಲವೇ ಇಲ್ಲ, ಕೊರತೆಯಿರುವುದು ಹತೋಟಿಯದು. ಗುಡ್ಡದ ಮೇಲಿನ ಮೆಟ್ಟಿಲು ಗದ್ದೆಗೆ ಬೇಕಾದಾಗ ನೀರು ಹಾಯಿಸಿ ಬೇಡವಾದಾಗ ನಿಲ್ಲಿಸುವುದು, ಕೋಟೆಯ ಕಂದಕವನ್ನು ಒಂದು ಗುಂಡಿ ಒತ್ತಿ ತುಂಬಿಸುವುದು, ಅಂಗಳದಲ್ಲಿ ಕಾರಂಜಿ ಚಿಮ್ಮಿಸುವುದು ಮುಂತಾದವುಗಳಿಗೆ ಆಟಗಾರರು ಈಗ ಬಳಸುವ ಉಪಾಯಗಳೆಲ್ಲ ಸುತ್ತುಬಳಸಿನವು. ಡಿಸ್ಪೆನ್ಸರ್ ಎಂಬ ಪೆಟ್ಟಿಗೆಯೊಳಗೆ ತುಂಬಿದ ಬಕೆಟನ್ನಿಟ್ಟರೆ ಅದು ಸಂಕೇತ ದೊರೆತಾಗ ಎದುರಿಗೆ ಒರತೆಯನ್ನು ಇಡುತ್ತದೆ, ಮತ್ತೊಮ್ಮೆ ಸಂಕೇತ ದೊರೆತಾಗ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆದರೆ ಮೊದಲ ಬಕೆಟನ್ನು ಮೇಲಕ್ಕೆ ಹೊತ್ತೊಯ್ಯಬೇಕಾದವನು ಆಟಗಾರನೇ. ಪಿಸ್ಟನ್ ನೀರನ್ನು ತಳ್ಳಲಾರದು, ಮಂಜುಗಡ್ಡೆಯನ್ನು ತಳ್ಳಬಲ್ಲದು. ಇದನ್ನು ಕಂಡುಕೊಂಡ ಚತುರರು ಮಂಜುಗಡ್ಡೆಯ ಬ್ಲಾಕ್‌ಗಳನ್ನು ಪಿಸ್ಟನ್‌ನಿಂದ ಬೇಕಾದ ಜಾಗಕ್ಕೆ ತಳ್ಳಿ, ಪಕ್ಕದಲ್ಲಿ ಒಂದು ಪಂಜನ್ನು ನೆಟ್ಟು, ಅದರ ಬೆಳಕಿಗೆ ಕರಗಿಸಿ ಒರತೆಯನ್ನು ಪಡೆಯುತ್ತಾರೆ. 2018ರ ‘ಅಪ್‌ಡೇಟ್ ಅಕ್ವಾಟಿಕ್’ ಪರಿಷ್ಕರಣೆಯಲ್ಲಿ ಬಂದ ಗುಳ್ಳೆಗಳ ಕಂಬ, ಎಂದರೆ ತಳದಲ್ಲಿ ಸೋಲ್ ಸ್ಯಾಂಡ್ ಎಂಬ ಮರಳಿದ್ದರೆ ನೀರಿನೊಳಗೆ ಮೇಲೇಳುವ ಗುಳ್ಳೆಗಳ ಪ್ರವಾಹವು, ಮನುಷ್ಯರನ್ನೂ ಸಾಮಾನುಗಳನ್ನೂ ಮೇಲಕ್ಕೆ ಎತ್ತುತ್ತದೆಯೇ ಹೊರತು ನೀರನ್ನಲ್ಲ. ಅದು ಹುಟ್ಟಬೇಕಾದರೆ ಕಂಬದುದ್ದಕ್ಕೂ ಒರತೆಗಳು ಮೊದಲೇ ಇರಬೇಕು.

ಬೇರೆ ಆಟಗಳು ಈ ಸಮಸ್ಯೆಯನ್ನು ಎದುರಿಸಿದ ರೀತಿಯಲ್ಲಿ ಕಲಿಯತಕ್ಕದ್ದು ಸಾಕಷ್ಟಿದೆ. ಟಾರ್ನ್ ಮತ್ತು ಝ್ಯಾಕ್ ಆಡಮ್ಸ್ ಸಹೋದರರು 2006ರಲ್ಲಿ ಹೊರತಂದ, ಮೈನ್‌ಕ್ರಾಫ್ಟ್‌ಗೆ ಪ್ರೇರಣೆಯಾದ ಆಟಗಳಲ್ಲಿ ಒಂದಾದ ‘ಡ್ವಾರ್ಫ್ ಫೋರ್ಟ್ರೆಸ್’ನಲ್ಲಿ ನೀರಿಗೆ ಒಂದರಿಂದ ಏಳರವರೆಗೆ ಆಳದ ಎಣಿಕೆಯಿದೆ, ಒತ್ತಡವಿದೆ, ಆರ್ಕಿಮಿಡೀಸನ ತಿರುಪಿನ ಮಾದರಿಯ ಪಂಪೂ ಇದೆ. ಆ ಪಂಪು ನೀರನ್ನು ಒಂದು ಅಂತಸ್ತಿನಷ್ಟೇ ಎತ್ತುವುದರಿಂದ ಆಳದ ನೀರನ್ನು ತರಲು ಪಂಪಿನ ಮೇಲೆ ಪಂಪನ್ನು ಕೂರಿಸಬೇಕಾಗುತ್ತದೆ. ಸ್ವಾರಸ್ಯವೆಂದರೆ, ಅಲ್ಲಿನ ನೀರಿನ ಚಕ್ರವೊಂದು 100 ಮಾನದ ಶಕ್ತಿಯನ್ನು ಉತ್ಪಾದಿಸಿ ತನಗಾಗಿ 10ನ್ನು ಬಳಸುತ್ತದೆ, ಪಂಪಿಗೆ ಬೇಕಾದುದು ಇನ್ನೊಂದು 10. ಹಾಗಾಗಿ ಪಂಪು ಎತ್ತಿದ ನೀರಿನಿಂದಲೇ ಚಕ್ರವನ್ನು ತಿರುಗಿಸಿ, ಆ ಚಕ್ರದಿಂದಲೇ ಪಂಪನ್ನು ನಡೆಸಿ, ಭೌತಶಾಸ್ತ್ರ ಎಂದೂ ಒಪ್ಪದ ಶಾಶ್ವತ ಚಲನೆಯ ಯಂತ್ರವನ್ನು ಆಟಗಾರರು ರಾಜಾರೋಷವಾಗಿ ಕಟ್ಟಿಕೊಂಡಿದ್ದಾರೆ. ಇಷ್ಟೆಲ್ಲ ಲೆಕ್ಕವಿಡುವುದರ ಬೆಲೆಯೆಂದರೆ, ಹೆಚ್ಚು ನೀರು ಹರಿಯತೊಡಗಿದಾಗ ಆ ಆಟ ಕುಂಟತೊಡಗುತ್ತದೆ. 2011ರ ‘ಟೆರಾರಿಯಾ’ದಲ್ಲಿ ನೀರು ಹೀರುವ ಪಂಪು ಒಂದು, ಬಿಡುವ ಪಂಪು ಇನ್ನೊಂದು, ಎರಡನ್ನೂ ತಂತಿಯಿಂದ ಜೋಡಿಸಿ ಸಂಕೇತ ಕೊಟ್ಟರೆ ಸಾಕು, ನಡುವೆ ಕೊಳವೆಯೇ ಇಲ್ಲದೆ ನೀರು ಇಲ್ಲಿಂದ ಅಲ್ಲಿಗೆ ನೆಗೆಯುತ್ತದೆ. ಕಾರ್ಖಾನೆ ಕಟ್ಟುವ ಆಟವಾದ ‘ಫ್ಯಾಕ್ಟೋರಿಯೊ’ ಹಲವು ವರ್ಷ ಪ್ರತಿಯೊಂದು ಕೊಳವೆಯ ತುಂಡಿನಲ್ಲೂ ದ್ರವದ ಮಟ್ಟವನ್ನು ಬೇರೆಬೇರೆಯಾಗಿ ಲೆಕ್ಕ ಹಾಕುತ್ತಿದ್ದು, 2024ರ ಎರಡನೆಯ ಆವೃತ್ತಿಯಲ್ಲಿ ಆ ಕ್ರಮವನ್ನು ಕೈಬಿಟ್ಟು, ಜೋಡಿಕೊಂಡ ಕೊಳವೆಗಳನ್ನೆಲ್ಲ ಒಂದೇ ತೊಟ್ಟಿಯೆಂದು ಭಾವಿಸುವ ಸರಳ ಪದ್ಧತಿಗೆ ಬದಲಾಯಿತು. ದ್ರವದ ವಿಷಯದಲ್ಲಿ ಸಹಜತೆಯ ಹಿಂದೆ ಬಿದ್ದವರು ಕೊನೆಗೆ ಸರಳತೆಗೆ ಮರಳಿದ ಈ ನಿದರ್ಶನವನ್ನು ಹೊಸ ಬ್ಲಾಕನ್ನು ಸೂಚಿಸುವವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ಮೈನ್‌ಕ್ರಾಫ್ಟ್‌ನ ಪಂಪಿಗೆ ಸಾಮಾನ್ಯವಾಗಿ ಹೊಳೆಯುವ ಕಲ್ಪನೆ ಒರತೆಯನ್ನೇ ಸಾಗಿಸುವುದು: ಬಾಯಿಯ ಬಳಿಯ ಒರತೆಯನ್ನು ಅಳಿಸಿ, ಆಚೆ ತುದಿಯಲ್ಲಿ ಒಂದನ್ನು ಇಡುವುದು. ಈ ಕಲ್ಪನೆ ಎರಡು ತುದಿಗಳಲ್ಲೂ ಸೋಲುತ್ತದೆ. ಸಮುದ್ರದಿಂದ ಒಂದು ಒರತೆಯನ್ನು ತೆಗೆದರೆ ನೆರೆಯ ಒರತೆಗಳು ಆ ಜಾಗವನ್ನು ಮರುಕ್ಷಣವೇ ತುಂಬಿಬಿಡುವುದರಿಂದ, ಇಂಥ ಪಂಪು ಯುಗಯುಗಾಂತರ ನಡೆದರೂ ಸಮುದ್ರದ ಒಂದು ಮೂಲೆಯನ್ನು ಬರಿದು ಮಾಡಲಾರದು. 2022ರ ಕೊನೆಯಿಂದ ಒರತೆಗಳ ಈ ಸಂತಾನವೃದ್ಧಿಯನ್ನು ನಿಲ್ಲಿಸುವ ಒಂದು ನಿಯಮವನ್ನು ಆಟದ ವ್ಯವಸ್ಥೆಯಲ್ಲಿ ಕೊಡಲಾಗಿದೆಯಾದರೂ, ಸಾಮಾನ್ಯ ಆಟ ನಡೆಯುವುದು ಅದನ್ನು ಬಳಸದೆಯೇ. ಇನ್ನು ಆಚೆ ತುದಿಯಲ್ಲಿ ಮೊದಲ ಒರತೆ ಕೂತೊಡನೆ ಜಾಗ ಭರ್ತಿಯಾಗುತ್ತದೆ. ಎರಡನೆಯದನ್ನಿಡಲು ಪಂಪು ಸುತ್ತಮುತ್ತ ಖಾಲಿ ಜಾಗವನ್ನು ಹುಡುಕಬೇಕು, ಹುಡುಕಾಟದ ವ್ಯಾಪ್ತಿ ಹಿಗ್ಗಿದಷ್ಟೂ ಕಂಪ್ಯೂಟರಿನ ಮೇಲಿನ ಹೊರೆಯೂ ಹಿಗ್ಗುತ್ತದೆ. ಬರಿದು ಮಾಡುವ ಕೆಲಸಕ್ಕೆ ಆಟದಲ್ಲಿ ಸ್ಪಂಜು ಈಗಾಗಲೇ ಇರುವುದರಿಂದ ಆ ಕೆಲಸವನ್ನು ಸ್ಪಂಜಿಗೇ ಬಿಡುವುದು ಲೇಸು.

ಇದಕ್ಕಿಂತ ಮೇಲೆನ್ನಬಹುದಾದ ವಿನ್ಯಾಸವು ಒರತೆಯನ್ನು ಮುಟ್ಟದೆ ಹರಿವನ್ನು ಮಾತ್ರ ಎತ್ತುತ್ತದೆ. ಒಂದು ಮುಖದಲ್ಲಿ ಬಾಯಿ, ಅದಕ್ಕೆ ಎದುರಾದ ಮುಖದಲ್ಲಿ ಮೂತಿ ಇರುವ ಒಂದು ಬ್ಲಾಕನ್ನು ಊಹಿಸಿಕೊಳ್ಳಬಹುದು. ಬಾಯಿಗೆ ಒರತೆಯೊಂದು ತಾಗಿಕೊಂಡಿದ್ದು, ಬ್ಲಾಕಿಗೆ ರೆಡ್‌ಸ್ಟೋನ್ ಸಂಕೇತ ದೊರೆಯುತ್ತಿರುವಷ್ಟು ಕಾಲ ಮೂತಿಯಿಂದ ನೀರಿನ ಕಂಬವೊಂದು ಮೇಲೇಳುತ್ತದೆ; ತುದಿ ಮುಟ್ಟಿದ ನೀರು ಅಲ್ಲಿಂದ ಎಂದಿನ ನಿಯಮದಂತೆ ಏಳು ಬ್ಲಾಕ್ ಹರಡುತ್ತದೆ; ಸಂಕೇತ ನಿಂತರೆ ಎಲ್ಲವೂ ಒಣಗುತ್ತದೆ. ರೆಡ್‌ಸ್ಟೋನ್ ಎಂದರೆ ಈ ಆಟದ ವಿದ್ಯುತ್ತು. ಅದರ ಸಂಕೇತಕ್ಕೆ 15 ಮಟ್ಟಗಳಿದ್ದು, ನೆಲದ ಮೇಲೆ ಗೆರೆಯಂತೆ ಹಾಸಿದ ರೆಡ್‌ಸ್ಟೋನ್ ಪುಡಿಯಲ್ಲಿ ಸಾಗುವಾಗ ಪ್ರತಿ ಬ್ಲಾಕಿಗೂ ಒಂದು ಮಟ್ಟ ಕುಂದುತ್ತದೆ. ಕಂಬದ ಎತ್ತರವನ್ನು ಈ ಮಟ್ಟಕ್ಕೇ ಜೋಡಿಸಿಬಿಟ್ಟರೆ ಹೊಸ ನಿಯಮವೇನನ್ನೂ ಕಲಿಸಬೇಕಾಗುವುದಿಲ್ಲ: 15ರ ಸಂಕೇತಕ್ಕೆ 15 ಬ್ಲಾಕ್ ಎತ್ತರ, 4ಕ್ಕೆ 4. ಲೈನಿನ ಕೊನೆಯಲ್ಲಿರುವ ತೋಟದ ಪಂಪ್‌ಸೆಟ್ಟು ವೋಲ್ಟೇಜ್ ಸಾಲದೆ ನೀರೆತ್ತಲು ತಿಣುಕುವಂತೆ, ಸಂಕೇತದ ಮೂಲದಿಂದ ದೂರವಾದ ಪಂಪು ಕಡಿಮೆ ಎತ್ತರಕ್ಕೆ ಚಿಮ್ಮಿಸುತ್ತದೆ. ನಿಜಜೀವನದಲ್ಲಿ ಒಂದು ಘನಮೀಟರ್ ನೀರನ್ನು 15 ಮೀಟರ್ ಎತ್ತಲು ಸುಮಾರು 1,47,000 ಜೌಲ್ ಶಕ್ತಿ ವ್ಯಯವಾಗುತ್ತದೆ, ಮತ್ತು ಹೀರುವ ಪಂಪು ವಾಯುಮಂಡಲದ ಒತ್ತಡವನ್ನೇ ನೆಚ್ಚಿರುವುದರಿಂದ 10.3 ಮೀಟರಿಗಿಂತ ಆಳದ ನೀರನ್ನು ಎಳೆಯಲಾರದು. ಆದರೆ ಒಮ್ಮೆ ಎಳೆದ ಸನ್ನೆಕೋಲು ಯಾವ ಇಂಧನವೂ ಇಲ್ಲದೆ ಅನಂತಕಾಲ ಸಂಕೇತ ಕೊಡುತ್ತಲೇ ಇರುವ ಜಗತ್ತಿನಲ್ಲಿ ಇಂಥ ಮಿತಿಗಳನ್ನು ಹೇರುವುದು ವಿನಾಕಾರಣ ಬಿಗುವಾದೀತು.

ಬಾಯಿಗೆ ಒರತೆಯೇ ತಾಗಿರಬೇಕೆಂಬ ಕಟ್ಟಳೆಗೆ ಮಾತ್ರ ಗಟ್ಟಿ ಕಾರಣವಿದೆ. ಹರಿವನ್ನೂ ಹೀರಬಹುದೆಂದು ಬಿಟ್ಟರೆ, ಪಂಪು ಎತ್ತಿದ ನೀರು ಕೆಳಗೆ ಬಿದ್ದು ಮತ್ತೆ ಅದರ ಬಾಯಿಗೇ ಬಂದು, ಒರತೆಯನ್ನು ತೆಗೆದ ಮೇಲೂ ತನ್ನನ್ನು ತಾನೇ ಪೋಷಿಸಿಕೊಂಡು ಸುತ್ತುತ್ತಿರುವ ಬಳೆಯೊಂದು ಹುಟ್ಟುತ್ತದೆ. ಒರತೆ ಹೋದರೆ ಹರಿವು ಬತ್ತಬೇಕೆಂಬ ಆಟದ ಮೂಲಸೂತ್ರವೇ ಅಲ್ಲಿಗೆ ಮುರಿಯುತ್ತದೆ. ಒರತೆಗಷ್ಟೇ ಬಾಯಿ ತೆರೆಯುವ ಪಂಪು ಯಾವ ಹುಡುಕಾಟವನ್ನೂ ಮಾಡಬೇಕಿಲ್ಲ. ಪಕ್ಕದ ಬ್ಲಾಕ್ ಇಲ್ಲವೆ ಸಂಕೇತ ಬದಲಾದಾಗ ಒಮ್ಮೆ ನೋಡಿಕೊಂಡರೆ ಸಾಕು. ಏರುವ ನೀರಿಗೂ ಆಟದೊಳಗೆ ಸ್ಥಳವಿದೆ. ಆಟದ ‘ಜಾವಾ’ ಎಂಬ ಆವೃತ್ತಿಯಲ್ಲಿ ನೀರಿನ ಬ್ಲಾಕಿನ ಸ್ಥಿತಿಯನ್ನು 0ಯಿಂದ 15ರವರೆಗಿನ ಒಂದು ಅಂಕಿ ಸೂಚಿಸುತ್ತದೆ: 0 ಎಂದರೆ ಒರತೆ, 1ರಿಂದ 7 ಹರಿವಿನ ಮಟ್ಟಗಳು, 8 ಮತ್ತು ಅದರಾಚೆಯವು ಬೀಳುವ ನೀರು. ಬೀಳುವ ನೀರಿನ ಪಕ್ಕದಲ್ಲಿ ಏರುವ ನೀರೆಂಬ ಇನ್ನೊಂದು ಸ್ಥಿತಿಯನ್ನು ಸೇರಿಸಿ, ಅದು ತುದಿಯ ಹೊರತು ಬೇರೆಲ್ಲೂ ಪಕ್ಕಕ್ಕೆ ಹರಡಕೂಡದೆಂದು ವಿಧಿಸಿದರೆ, ಸುತ್ತ ಗೋಡೆಯಿಲ್ಲದ ಕಾರಂಜಿ ಸಾಧ್ಯವಾಗುತ್ತದೆ.

ತಯಾರಿಕೆಗೆ ಆರು ತಾಮ್ರದ ಗಟ್ಟಿ, ಒಂದು ಬಕೆಟ್, ಒಂದು ಪಿಸ್ಟನ್, ಒಂದು ಚಿಟಿಕೆ ರೆಡ್‌ಸ್ಟೋನ್ ಎಂದು ಗೊತ್ತುಪಡಿಸಿದರೆ ಒಂಬತ್ತು ಮನೆಗಳ ತಯಾರಿಕೆಯ ಚೌಕ ಸರಿಯಾಗಿ ತುಂಬುತ್ತದೆ. ಲಾವಾವನ್ನು ಈ ಪಂಪು ಎತ್ತಕೂಡದು. ಹಲವರು ಕೂಡಿ ಆಡುವ ಸರ್ವರ್‌ಗಳಲ್ಲಿ ನೆರೆಯವನ ಮರದ ಮನೆಯ ಮೇಲೆ ಬೆಂಕಿಯ ಕಾರಂಜಿ ಹಾರಿಸುವ ಕಿಡಿಗೇಡಿಗಳಿಗೆ ಕೊರತೆಯೇನೂ ಇರುವುದಿಲ್ಲ.

ಎತ್ತಿದ ನೀರು ಒರತೆಯಲ್ಲವಾದ್ದರಿಂದ ಅದನ್ನು ಮತ್ತೊಂದು ಪಂಪಿಗೆ ಉಣಿಸಿ 30 ಬ್ಲಾಕ್ ಎತ್ತರಕ್ಕೆ ಒಯ್ಯಲು ಬರುವುದಿಲ್ಲ. ಆದರೂ ಇಲ್ಲೊಂದು ಸಂದಿಯಿದೆ. ಕೆಲ್ಪ್ ಎಂಬ ಕಡಲಪಾಚಿಯನ್ನು ನೇರವಾಗಿ ಬೀಳುತ್ತಿರುವ ನೀರಿನಲ್ಲಿ ನೆಟ್ಟರೆ ಆ ನೀರು ಒರತೆಯಾಗಿ ಬದಲಾಗುತ್ತದೆಂಬ ಗುಟ್ಟು ಜಾವಾ ಆವೃತ್ತಿಯ ಅನುಭವಿ ಆಟಗಾರರಿಗೆಲ್ಲ ತಿಳಿದದ್ದೇ. ಮೊದಲ ಪಂಪಿನ ನೀರನ್ನು ಒಂದೆರಡು ಬ್ಲಾಕ್ ಕೆಳಕ್ಕೆ ಬೀಳಿಸಿ, ಅಲ್ಲಿ ಕೆಲ್ಪ್ ನೆಟ್ಟು, ಹುಟ್ಟಿದ ಒರತೆಗೆ ಎರಡನೆಯ ಪಂಪಿನ ಬಾಯಿಯನ್ನು ತಾಗಿಸಿದರೆ ಮುಂದಿನ ಮಜಲಿಗೆ ದಾರಿ ತೆರೆಯುತ್ತದೆ. ಪರಿಷ್ಕರಣೆಯ ಹೆಸರಿನಲ್ಲಿ ಈ ಸಂದಿಯನ್ನು ಮುಚ್ಚುವುದು ಜಾಣತನವೆನಿಸದು. ಆಟಗಾರರ ಜಾಣ್ಮೆಯಿಂದ ಆಟಕ್ಕೆ ಲಾಭವಾದದ್ದೂ ಉಂಟು: ಪಿಸ್ಟನ್ ಕೂಡ ಮೊದಲು ಆಟಗಾರನೊಬ್ಬ ಬರೆದ ‘ಮಾಡ್’, ಎಂದರೆ ಆಟಕ್ಕೆ ಹೊರಗಿನಿಂದ ಸೇರಿಸಿದ ತುಣುಕು ಆಗಿದ್ದು, ಮೊಜಾಂಗ್ ಅದನ್ನು ಮೆಚ್ಚಿ ಮೂಲ ಆಟಕ್ಕೆ ಸೇರಿಸಿಕೊಂಡಿತ್ತು. ಪಂಪನ್ನೂ ಮೊದಲು ಮಾಡ್ ರೂಪದಲ್ಲಿ ಬಿಟ್ಟು, ಎರಡನೆಯ ಮಜಲಿನ ಪಂಪುಗಳನ್ನು ಜನ ಎಲ್ಲೆಲ್ಲಿ ಕೂರಿಸುತ್ತಾರೆಂಬುದನ್ನು ಗಮನಿಸಿ, 15 ಬ್ಲಾಕಿನ ಮಿತಿ ಸಾಕೇ ಸಾಲದೇ ಎಂಬುದನ್ನು ಆಮೇಲೆ ತೀರ್ಮಾನಿಸಬಹುದು.