ಮೆಟ್ರೊ ಕಂಬ 62ರ ಪಕ್ಕದ ಅಕ್ಕಿ ಬಿಯರ್

ಬೆಂಗಳೂರಿನ ಇಂದಿರಾನಗರ ಮೆಟ್ರೊ ನಿಲ್ದಾಣದಲ್ಲಿ ಇಳಿದು, ಸಿ.ಎಂ.ಎಚ್. ರಸ್ತೆಯಿಂದ 100 ಅಡಿ ರಸ್ತೆಗೆ ಹೊರಳಿ ನಾಲ್ಕು ಹೆಜ್ಜೆ ಹಾಕಿದರೆ ಕಂಬ 62ರ ಹತ್ತಿರ ‘ಟಾಯ್ಟ್’ ಸಿಗುತ್ತದೆ. ಮೈಕ್ರೋಬ್ರೂವರಿ ಇದು. ಬಿಯರನ್ನು ಇಲ್ಲೇ ಕಾಸಿ, ಇಲ್ಲೇ ಹುದುಗಿಸಿ, ಇಲ್ಲೇ ಗ್ಲಾಸಿಗೆ ಹಾಕಿ ಕೊಡುತ್ತಾರೆ. ಒಳಗೆ ಇಟ್ಟಿಗೆ, ಮರ, ಮೇಲೆ ಮೇಲೆ ಮಹಡಿಗಳು. ವಾರಾಂತ್ಯದ ಸಂಜೆ ಕೂರಲು ಜಾಗ ಸಿಗುವುದೇ ಕಷ್ಟ. ನಿಧಾನವಾಗಿ ರುಚಿ ನೋಡಬೇಕು ಎನ್ನುವವರು ವಾರದ ನಡುವಿನ ಮಧ್ಯಾಹ್ನ ಹೋಗುವುದೇ ಸರಿ.

ಇಲ್ಲಿಂದ ಸುಮಾರು 350 ಕಿ.ಮೀ. ದೂರದ, ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ಓದುಗರಿಗೆ ಈ ಜಾಗದ ಪರಿಚಯ ಯಾಕೆ ಬೇಕು? ಮೊದಲನೆಯದಾಗಿ, ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಎಷ್ಟೋ ಮನೆಗಳ ಹುಡುಗ ಹುಡುಗಿಯರು ಇಂದು ಇದೇ ಇಂದಿರಾನಗರ, ದೊಮ್ಮಲೂರು, ವೈಟ್‌ಫೀಲ್ಡ್ ಸುತ್ತ ದುಡಿಯುತ್ತಿದ್ದಾರೆ. ಎರಡನೆಯದು ಇನ್ನೂ ಮುಖ್ಯ: ಇಲ್ಲಿ ಅಕ್ಕಿ ಹಾಕಿ ಮಾಡಿದ ಬಿಯರ್ ಇದೆ. ಭತ್ತ, ಗೋವಿನಜೋಳ ಎರಡನ್ನೂ ಬೆಳೆಯುವ ಸೀಮೆಯ ನಾವು ಬಿಯರ್ ಎಂದರೆ ‘ಸ್ಟ್ರಾಂಗ್’ ಒಂದನ್ನೇ ಬಲ್ಲೆವು. ಹಗುರ ಬಿಯರ್ ಎಂಬುದೂ ಒಂದಿದೆ, ಅದಕ್ಕೆ ಅದರದೇ ರುಚಿ ಇದೆ ಎಂಬುದು ನಮ್ಮ ಪೇಟೆಗಳನ್ನು ಇನ್ನೂ ಮುಟ್ಟಿಲ್ಲ.

ಲೆಕ್ಕ ಹಾಕಿ ನೋಡಿ. ವೈನ್‌ಶಾಪಿನ 650 ಮಿ.ಲೀ. ಬಾಟಲಿಯ ಸ್ಟ್ರಾಂಗ್ ಬಿಯರಿನಲ್ಲಿ ಆಲ್ಕೋಹಾಲ್ ಶೇ 8 ಇದ್ದರೆ, ಒಳಗಿರುವ ಶುದ್ಧ ಆಲ್ಕೋಹಾಲ್ 52 ಮಿ.ಲೀ. ಅದೇ ಶೇ 4ರ ಬಿಯರಿನ 330 ಮಿ.ಲೀ. ಗ್ಲಾಸಿನಲ್ಲಿರುವುದು 13 ಮಿ.ಲೀ.ಗಿಂತ ತುಸು ಹೆಚ್ಚು, ಅಷ್ಟೇ. ಅಂದರೆ ಒಂದು ಸ್ಟ್ರಾಂಗ್ ಬಾಟಲಿ ಸುಮಾರು ನಾಲ್ಕು ಹಗುರ ಗ್ಲಾಸಿಗೆ ಸಮ. 2007ರ ಜುಲೈಯಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದ ಮೇಲೆ ಹಳ್ಳಿಗಳಲ್ಲಿ ಆ ಜಾಗ ಹಿಡಿದದ್ದು 90 ಎಂ.ಎಲ್. ವಿಸ್ಕಿ ಪಾಕೀಟು. ಶೇ 42.8ರ ಆ ಪಾಕೀಟಿನಲ್ಲೂ 38 ಮಿ.ಲೀ. ಮೀರಿ ಶುದ್ಧ ಆಲ್ಕೋಹಾಲ್ ಇದೆ. ರುಚಿಗಾಗಿ ಅದನ್ನು ಯಾರೂ ಕುಡಿಯುವುದಿಲ್ಲ. ಗಟಗಟನೆ ಗಂಟಲಿಗೆ ಸುರಿದುಕೊಂಡು ಎದ್ದು ಹೋಗುತ್ತಾರೆ.

ಇದಕ್ಕೆ ಪೂರ್ತಿ ವಿರುದ್ಧವಾದ ರೂಢಿಯೊಂದು ಇಂಗ್ಲೆಂಡಿನಲ್ಲಿದೆ. ಅಲ್ಲಿನ ಸಾಮಾನ್ಯ ಬಿಟರ್, ಮೈಲ್ಡ್ ಎಂಬ ಬಿಯರುಗಳು ಶೇ 3ರಿಂದ 4ರೊಳಗೇ ಇರುತ್ತವೆ. ಸಂಜೆಯಿಡೀ ಕೂತು ಹರಟುತ್ತಾ ಕುಡಿಯುವಂಥವು, ಆದ್ದರಿಂದಲೇ ಅವುಗಳಿಗೆ ಸೆಷನ್ ಬಿಯರ್ ಎಂಬ ಹೆಸರು. ಅಮೆರಿಕದಲ್ಲಿ ಶೇ 5ರವರೆಗಿನದನ್ನೂ ಈ ಸಾಲಿಗೆ ಸೇರಿಸುತ್ತಾರೆ. 2023ರ ಆಗಸ್ಟ್‌ನಿಂದ ಬ್ರಿಟನ್ ಸರ್ಕಾರ ಶೇ 3.5ಕ್ಕಿಂತ ಕೆಳಗಿನ ಬಿಯರಿಗೆ ಕಡಿಮೆ ತೆರಿಗೆಯ ಹಂತವನ್ನೇ ಮಾಡಿದೆ. ಕುಡಿಯುವವರನ್ನು ಹಗುರದ ಕಡೆಗೆ ತಿರುಗಿಸಲು ಇದಕ್ಕಿಂತ ನೇರವಾದ ದಾರಿ ನನಗೆ ಕಾಣುವುದಿಲ್ಲ.

ಬೆಂಗಳೂರಿಗೆ ಬಿಯರ್ ಹೊಸತೇನಲ್ಲ. ದಂಡು ಪ್ರದೇಶದ ಸೈನಿಕರಿಗಾಗಿ ಹತ್ತೊಂಬತ್ತನೇ ಶತಮಾನದಲ್ಲೇ ಇಲ್ಲಿ ಬ್ರೂವರಿ ಇತ್ತು. ಸ್ಕಾಟ್ಲೆಂಡಿನ ಥಾಮಸ್ ಲೀಶ್ಮನ್ 1915ರಲ್ಲಿ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಅದು ಮುಂದೆ ಉದ್ಯಮಿ ವಿಠಲ್ ಮಲ್ಯರ ಕೈಗೆ ಬಂತು. ಕಂಪನಿಯ ಹಳೆಯ ಬ್ರೂವರಿ ಇದ್ದ ನೆಲದಲ್ಲೇ ಈಗ ಯು.ಬಿ. ಸಿಟಿ ಕಟ್ಟಡ ನಿಂತಿದೆ, ಎದುರಿನ ಗ್ರಾಂಟ್ ರಸ್ತೆ ವಿಠಲ್ ಮಲ್ಯ ರಸ್ತೆಯಾಗಿದೆ. 2011ರಲ್ಲಿ ‘ದಿ ಬಿಯರ್ ಕ್ಲಬ್’ ಎಂಬ ಮೈಕ್ರೋಬ್ರೂವರಿ ಬಾಗಿಲು ತೆರೆದದ್ದೂ ಇದೇ ರಸ್ತೆಯಲ್ಲಿ. ಆಮೇಲೆ ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್, ಹೆಣ್ಣೂರಿನ ಬಿಗ್ ಬ್ರೂಸ್ಕಿ ಹೀಗೆ ಸಾಲು ಬೆಳೆಯಿತು. ಇವುಗಳಲ್ಲಿ ಟಾಯ್ಟ್ ನನಗೆ ಹತ್ತಿರವಾಗಲು ಅದರ ಅಕ್ಕಿ ಬಿಯರ್ ‘ಬಾಸ್ಮತಿ ಬ್ಲಾಂಡ್’ ಕಾರಣ.

ಹಾನಗಲ್ ಕಡೆಯ ಗೆಳೆಯನೊಬ್ಬನ ಜೊತೆ ಕೂತು ನೋಡಿದ ರುಚಿಗಳನ್ನು ಹೇಳುತ್ತೇನೆ. ಬಾಸ್ಮತಿ ಬ್ಲಾಂಡ್ ಬಂದದ್ದು ತಿಳಿ ಹೊನ್ನಿನ ಬಣ್ಣದಲ್ಲಿ, ಮೇಲೆ ಬಿಳಿ ನೊರೆ. ಮೂಗಿನ ಹತ್ತಿರ ಹಿಡಿದರೆ ಸಣ್ಣಗೆ ಹಣ್ಣಿನ ವಾಸನೆ. ಬಾಯಿಗೆ ಬಿದ್ದಾಗ ಮೊದಲು ಒಂದೆಳೆ ಸಿಹಿ, ಹಿಂದೆಯೇ ಕಹಿ, ಕೊನೆಗೆ ಬಾಯಿ ಚೊಕ್ಕ. ನಾಲಿಗೆಗೆ ಅಂಟುವುದಿಲ್ಲ. ಬಾಸ್ಮತಿಯ ಘಮ ಪಲಾವಿನ ಹಾಗೆ ಎದ್ದು ಬರುತ್ತದೆ ಎಂದು ಕಾದರೆ ನಿರಾಸೆಯೇ. ಇಲ್ಲಿ ಅಕ್ಕಿ ಮಾಡುವ ಕೆಲಸ ಬೇರೆ, ಅದು ಬಿಯರಿನ ಮೈಯನ್ನು ತೆಳ್ಳಗೆ ಮಾಡುತ್ತದೆ.

ಗೆಳೆಯ ಎರಡು ಗುಟುಕು ಕುಡಿದು, “ರುಚಿ ಐತಿ ಬಿಡೋ. ಆದ್ರ ಇದರಾಗ ಕಿಕ್ ಎಲ್ಲೈತಿ?” ಎಂದ.

“ಕಿಕ್ಕಿಗೆ ಬಂದಿಲ್ಲೋ ಮಾರಾಯ, ಮಾತಾಡಾಕ ಬಂದೀವಿ” ಎಂದೆ.

ಎರಡನೇ ಗ್ಲಾಸು ಮುಗಿದಾಗಲೂ ಅವನ ಮಾತಿನ ಎಳೆ ತಪ್ಪಿರಲಿಲ್ಲ. ಗೋವಿನಜೋಳದ ರೇಟು, ಊರ ಜಾತ್ರೆ, ಮಗಳ ಕಾಲೇಜು ಎಲ್ಲಾ ಬಂದು ಹೋದವು. ಸ್ಟ್ರಾಂಗ್ ಬಾಟಲಿಯ ಮುಂದೆ ಕೂತವರ ಮಾತು ಅಷ್ಟು ಹೊತ್ತಿಗೆ ಎತ್ತೆತ್ತಲೋ ಹೋಗಿರುತ್ತದೆ.

ಟಿನ್‌ಟಿನ್ ಟಾಯ್ಟ್ ಎಂಬುದು ಬೆಲ್ಜಿಯಂ ಮಾದರಿಯ ಗೋಧಿ ಬಿಯರ್. ಈ ಬಗೆಗೆ ಹವೀಜ ಮತ್ತು ಕಿತ್ತಳೆ ಸಿಪ್ಪೆ ಹಾಕುವುದು ವಾಡಿಕೆ, ಬಣ್ಣ ತುಸು ಮಬ್ಬು. ವೈಸ್ ಎಂಬುದು ಜರ್ಮನಿ ಮಾದರಿಯ ಗೋಧಿ ಬಿಯರ್. ಅದರಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬರುತ್ತದೆ, ಆದರೆ ಒಳಗೆ ಬಾಳೆಹಣ್ಣೂ ಇಲ್ಲ, ಲವಂಗವೂ ಇಲ್ಲ. ಅದೆಲ್ಲ ಈಸ್ಟ್ ಹುದುಗುವಾಗ ತಾನೇ ಹುಟ್ಟಿಸುವ ಘಮ. ಡಾರ್ಕ್ ನೈಟ್ ಎಂಬ ಕಪ್ಪು ಸ್ಟೌಟ್ ಕಂಡು ಬಹಳ ಮಂದಿ ಹಿಂಜರಿಯುತ್ತಾರೆ, ಕಪ್ಪೆಂದರೆ ಜೋರು ಎಂದು. ಬಣ್ಣ ಬರುವುದು ಹುರಿದ ಬಾರ್ಲಿಯಿಂದ, ಆಲ್ಕೋಹಾಲಿಗೂ ಅದಕ್ಕೂ ಸಂಬಂಧವಿಲ್ಲ. ಜಗತ್ತಿನ ಅತಿ ಹೆಸರುವಾಸಿ ಕಪ್ಪು ಬಿಯರ್ ಗಿನ್ನೆಸ್ ಡ್ರಾಟ್ ಶೇ 4.2 ಮಾತ್ರ. ಪಟ್ಟಿಯಲ್ಲಿರುವುದೆಲ್ಲ ಹಗುರವೇ ಎಂದುಕೊಳ್ಳಬೇಡಿ. ಕಲೋನಿಯಲ್ ಟಾಯ್ಟ್ ಐಪಿಎ (ಇಂಡಿಯಾ ಪೇಲ್ ಏಲ್) ಬಗೆಯದು, ಕಹಿ ಹೆಚ್ಚು. ಅದನ್ನು ಕೊನೆಗಿಟ್ಟುಕೊಳ್ಳಿ, ಮೊದಲೇ ಕುಡಿದರೆ ಉಳಿದವುಗಳ ರುಚಿ ನಾಲಿಗೆಗೆ ಹತ್ತುವುದಿಲ್ಲ.

ಹಗುರ ಬಿಯರ್ ಮಾಡುವುದು ಸುಲಭ, ನೀರು ಹೆಚ್ಚು ಹಾಕಿದರಾಯಿತು ಎನ್ನುವವರಿದ್ದಾರೆ. ಕೆಲಸ ತಿಳಿದವರು ಅದನ್ನು ಒಪ್ಪುವುದಿಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ಒಡೆದು ಬಿಸಿ ನೀರಿನಲ್ಲಿ ನೆನೆಹಾಕಿದಾಗ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಕ್ಕರೆಯನ್ನು ತಿಂದು ಈಸ್ಟ್ ಆಲ್ಕೋಹಾಲ್ ಕೊಡುತ್ತದೆ. ಮಾಲ್ಟ್ ಕಡಿಮೆ ಮಾಡಿದರೆ ಆಲ್ಕೋಹಾಲ್ ಇಳಿಯುತ್ತದೆ, ಜೊತೆಗೆ ರುಚಿಯೂ ನೀರಾಗುತ್ತದೆ. ಬ್ರೂವರ್‌ನ ಕೈಚಳಕ ಇರುವುದು ಇಲ್ಲಿಯೇ. ನೀರಿನ ಶಾಖ 63 ಡಿಗ್ರಿಯ ಹತ್ತಿರ ಇದ್ದರೆ ಪಿಷ್ಟದ ಬಹುಪಾಲು ಈಸ್ಟ್ ತಿನ್ನಬಲ್ಲ ಸಕ್ಕರೆಯಾಗುತ್ತದೆ. 68-69 ಡಿಗ್ರಿಗೆ ಏರಿಸಿದರೆ ಈಸ್ಟಿಗೆ ದಕ್ಕದ ಅಂಶ ಒಂದಿಷ್ಟು ಉಳಿದು, ಬಿಯರಿಗೆ ಮೈ ಕೊಡುತ್ತದೆ. ಐದಾರು ಡಿಗ್ರಿಯ ಅಂತರದಲ್ಲಿ ಗ್ಲಾಸಿನ ಗುಣವೇ ಬದಲು. ಸ್ಟ್ರಾಂಗ್ ಬಿಯರಿನಲ್ಲಿ ತಪ್ಪುಗಳನ್ನು ಆಲ್ಕೋಹಾಲಿನ ಉರಿ ಮುಚ್ಚಿಬಿಡುತ್ತದೆ. ಹಗುರ ಬಿಯರಿನಲ್ಲಿ ಮುಚ್ಚಲು ಏನೂ ಇಲ್ಲ. ಹಾಗಾಗಿ ಬ್ರೂವರಿಯೊಂದನ್ನು ಅಳೆಯಬೇಕಾದರೆ ಅದರ ಅತಿ ಹಗುರ ಬಿಯರನ್ನೇ ಮೊದಲು ಕುಡಿದು ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಕ್ಕಿಯದು ಇನ್ನೊಂದು ತಕರಾರು. ಮಾಲ್ಟ್ ನೆನೆಯುವ ಶಾಖ ಅಕ್ಕಿಯ ಪಿಷ್ಟಕ್ಕೆ ಸಾಲದು. ಬೇರೆ ಪಾತ್ರೆಯಲ್ಲಿ ಗಂಜಿಯಂತೆ ಬೇಯಿಸಿ ಆಮೇಲೆ ಬೆರೆಸಬೇಕು. ಇಲ್ಲವೇ ಮೊದಲೇ ಬೆಂದು ಚಪ್ಪಟೆಯಾದ ಅವಲಕ್ಕಿ ಹಾಕಿದರೆ ನೇರವಾಗಿ ಬೆರೆಯುತ್ತದೆ. ಗೋವಿನಜೋಳದ ನುಚ್ಚಿಗೂ ಇದೇ ಕ್ರಮ. ದೊಡ್ಡ ಕಾರ್ಖಾನೆಗಳು ಇವೆರಡನ್ನೂ ಖರ್ಚು ಉಳಿಸಲು ಬಳಸುತ್ತಾ ಬಂದಿದ್ದರಿಂದ ಅಕ್ಕಿ ಬಿಯರ್ ಎಂದರೆ ಕಳಪೆ ಎಂಬ ಅಪವಾದ ಬಹಳ ದಿನ ಇತ್ತು. ಮನಸ್ಸಿಟ್ಟು ಮಾಡಿದರೆ ಅದೇ ಅಕ್ಕಿ ಎಷ್ಟು ಒಳ್ಳೆಯ ಬಿಯರ್ ಕೊಡುತ್ತದೆ ಎಂಬುದಕ್ಕೆ ಈ ಬ್ಲಾಂಡ್ ಸಾಕ್ಷಿ.

ನಮ್ಮ ಕಡೆಯವರು ದನಿ ಎತ್ತಬೇಕಾದ ಮಾತೂ ಇಲ್ಲಿದೆ. ಭಾರತದ ಬಾರ್ಲಿ ಮುಖ್ಯವಾಗಿ ರಾಜಸ್ಥಾನ, ಉತ್ತರ ಪ್ರದೇಶ, ಹರಿಯಾಣದ ಬೆಳೆ. ಕಹಿ ಕೊಡುವ ಹಾಪ್ಸ್ ಹೆಚ್ಚಾಗಿ ಹೊರದೇಶದಿಂದ ಬರುತ್ತದೆ, ಇಲ್ಲಿ ಬೆಳೆಯುವುದು ಹಿಮಾಚಲದ ಲಾಹೌಲ್ ಕಡೆ ಅಷ್ಟಿಷ್ಟು. ಅವೆರಡೂ ನಮ್ಮ ಕೈಯಲ್ಲಿಲ್ಲ. ಆದರೆ ಅಕ್ಕಿ ನುಚ್ಚು, ಗೋವಿನಜೋಳ, ಹಾನಗಲ್ ತೋಟಗಳ ಆಪೂಸ್ ಮಾವು ನಮ್ಮಲ್ಲಿವೆ. ಮಾವಿನ ಕಾಲಕ್ಕೆ ಬೆಂಗಳೂರಿನ ಹಲವು ಮೈಕ್ರೋಬ್ರೂವರಿಗಳು ಮಾವಿನ ಬಿಯರ್ ಮಾಡುತ್ತವೆ. ಹಾನಗಲ್ಲಿನ ಹಣ್ಣು, ಅಕ್ಕಿಆಲೂರಿನ ನುಚ್ಚು ಎಂದು ಊರ ಹೆಸರು ಹಾಕಿ ಖರೀದಿಸುವ ಬ್ರೂವರಿ ಬಂದರೆ ಬೆಳೆಗಾರನಿಗೂ ಒಂದು ಹೊಸ ಗಿರಾಕಿ ಸಿಕ್ಕಂತೆ. ಹಾಗೆಯೇ ಬಾಟಲಿ ಬಿಯರ್ ಕಂಪನಿಗಳು ಶೇ 4ರೊಳಗಿನ ಹಗುರ ಬಿಯರನ್ನು ತಾಲ್ಲೂಕು ಪೇಟೆಗಳಿಗೂ ಕಳಿಸಲಿ, ಅಬಕಾರಿ ಇಲಾಖೆ ಅದಕ್ಕೆ ತೆರಿಗೆಯಲ್ಲಿ ಕೈ ಸಡಿಲ ಬಿಡಲಿ. ನಿಜ, ಆಲ್ಕೋಹಾಲಿಗೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕುಡಿಯದವರು ಕುಡಿಯುವುದೇ ಬೇಡ. ಕುಡಿಯುವವರ ಮುಂದೆ ಸ್ಟ್ರಾಂಗ್ ಬಾಟಲಿ, ವಿಸ್ಕಿ ಪಾಕೀಟು ಎರಡನ್ನೇ ಇಟ್ಟು, ಊರು ಕೆಟ್ಟಿತು ಎಂದು ಬಯ್ಯುವುದು ಮಾತ್ರ ನ್ಯಾಯವಲ್ಲ.

ಹೋಗುವವರಿಗೆ: ಮೊದಲು ರುಚಿಗೆಂದು ಸಣ್ಣ ಗ್ಲಾಸು ಕೇಳಿ, ಪ್ರತಿಯೊಂದರ ಶೇಕಡಾ ಎಷ್ಟು ಎಂದು ವಿಚಾರಿಸಿ, ಹಗುರದಿಂದ ಶುರುಮಾಡಿ, ಖಾಲಿ ಹೊಟ್ಟೆಯಲ್ಲಿ ಬೇಡ. 21 ವರ್ಷ ತುಂಬಿರಬೇಕು. ಬೈಕು, ಕಾರು ಮನೆಯಲ್ಲೇ ಇರಲಿ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಆಲ್ಕೋಹಾಲ್ ಮೀರಿದರೆ ಗಾಡಿ ಓಡಿಸುವುದು ಅಪರಾಧ, ಅದು ಹಗುರ ಬಿಯರಿಗೂ ಅನ್ವಯ. ನೇರಳೆ ಮಾರ್ಗದ ಇಂದಿರಾನಗರ ನಿಲ್ದಾಣ ನಡೆದು ಹೋಗುವಷ್ಟು ಹತ್ತಿರದಲ್ಲಿದೆ.