ಹಳೆಯ ಮೊಬೈಲಿನ ಗತಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಕೆಟ್ಟ ಮೊಬೈಲು ಸೇರುವುದೆಲ್ಲಿಗೆ? ಮನೆಯ ಪೆಟ್ಟಿಗೆಗೆ, ಇಲ್ಲವೇ ಗುಜರಿಗೆ. ಒಂದು ಟನ್ನು ಚಿನ್ನದ ಅದಿರಿನಲ್ಲಿ ಸಾಮಾನ್ಯವಾಗಿ ಕೆಲವೇ ಗ್ರಾಂ ಚಿನ್ನವುಂಟು. ಅಷ್ಟೇ ತೂಕದ ಮೊಬೈಲುಗಳಲ್ಲಿ ನೂರಾರು ಗ್ರಾಂ! 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನ ಪದಕಗಳಿಗೆ ಲೋಹವೊದಗಿದುದು ಇಂತಹ ಹಳೆಯ ಉಪಕರಣಗಳಿಂದಲೇ.

ಆದರೆ ತಾಮ್ರದ ಆಸೆಗೆ ತಂತಿಯನ್ನು ಸುಟ್ಟರೆ ಅದರ ಪ್ಲಾಸ್ಟಿಕ್ ಹೊದಿಕೆಯಿಂದ ವಿಷಧೂಮವೇಳುತ್ತದೆ. ಲಿಥಿಯಂ ಬ್ಯಾಟರಿಯನ್ನು ಚುಚ್ಚಿದರೆ ಒಳಗಿನ ಧನ, ಋಣ ಫಲಕಗಳು ಒಂದನ್ನೊಂದು ತಾಗಿ ಬೆಂಕಿ ಹತ್ತಬಹುದು. ಇದಕ್ಕೆ ಮೊದಲು ಬಲಿಯಾಗುವವರು ಗುಜರಿಯಲ್ಲಿ ದುಡಿಯುವ ಬಡವರು.

ಆದುದರಿಂದ, ನಡೆಯುವ ಮೊಬೈಲಾದರೆ ಸಿಮ್ ತೆಗೆದು, ಮಾಹಿತಿಯನ್ನಳಿಸಿ, ಅಗತ್ಯವುಳ್ಳ ವಿದ್ಯಾರ್ಥಿಗೆ ಕೊಡೋಣ. ಕೆಟ್ಟುದನ್ನು ಚಾರ್ಜರು, ಇಯರ್‌ಫೋನುಗಳೊಡನೆ ಎಲ್ಲಿ ಒಪ್ಪಿಸಬೇಕೆಂದು ತಯಾರಕರ ಸೇವಾಕೇಂದ್ರದಲ್ಲಿ ವಿಚಾರಿಸೋಣ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಮರುಬಳಕೆಯ ಹೊಣೆ ತಯಾರಕರದು. ಅವರ ಕೈಗೆ ತಲುಪಿಸುವ ಹೊಣೆ ನಮ್ಮದು.