ಸಂಶೋಧನೆಯ ತೂಕ

ಪೂರ್ವಕವಿಗಳನ್ನು ಸ್ಮರಿಸುವುದು ಕನ್ನಡ ಸಾಹಿತ್ಯದ ಹಳೆಯ ವಾಡಿಕೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬ ಗದ್ಯಕಾರರನ್ನು ಹೆಸರಿಸಿದೆ. ಅವರ ಕನ್ನಡ ಕೃತಿಗಳು ನಮಗೆ ದೊರೆತಿಲ್ಲ. ಆದರೂ ಮತ್ತೊಬ್ಬರು ನೆನೆದುದರಿಂದ ಅವರ ಹೆಸರುಗಳು ಉಳಿದಿವೆ. ವಿಜ್ಞಾನ ಪ್ರಪಂಚದಲ್ಲಿಯೂ ಇಂತಹುದೇ ಒಂದು ಸಂಪ್ರದಾಯವುಂಟು. ಅದಕ್ಕೆ ಉಲ್ಲೇಖವೆಂದು ಹೆಸರು.

ವಿಜ್ಞಾನಿಯು ತಾನು ಕಂಡುಕೊಂಡ ಸಂಗತಿಯನ್ನು ಪ್ರಬಂಧವಾಗಿ ಬರೆದು ಪತ್ರಿಕೆಗೆ ಕಳುಹಿಸುತ್ತಾನೆ. ಬಲ್ಲವರು ಪರೀಕ್ಷಿಸಿ ಒಪ್ಪಿದ ಮೇಲೆ ಅದು ಪ್ರಕಟವಾಗುತ್ತದೆ. ಅದನ್ನು ಆಧಾರವಾಗಿಟ್ಟುಕೊಂಡು ಮುಂದೆ ಬರೆಯುವವರು ಅದರ ಹೆಸರನ್ನು ತಮ್ಮ ಪ್ರಬಂಧದಲ್ಲಿ ಕಾಣಿಸುತ್ತಾರೆ. ಇಂತಹ ಉಲ್ಲೇಖಗಳ ಸೂಚಿಯೊಂದನ್ನು ಅಮೆರಿಕದ ಯುಜೀನ್ ಗಾರ್ಫೀಲ್ಡ್ 1964ರಲ್ಲಿ ಹೊರತಂದರು. 2005ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ‘ಎಚ್-ಸೂಚ್ಯಂಕ’ವೆಂಬ ಅಳತೆಯನ್ನು ರೂಪಿಸಿದರು. ಒಬ್ಬನ 20 ಪ್ರಬಂಧಗಳು ತಲಾ 20 ಬಾರಿಗೆ ಕಡಿಮೆಯಿಲ್ಲದಂತೆ ಉಲ್ಲೇಖಗೊಂಡಿದ್ದು, 21ಕ್ಕೆ ಆ ಮಾತು ಸಲ್ಲದಿದ್ದರೆ ಅವನ ಸೂಚ್ಯಂಕ 20. ನೂರು ಪ್ರಬಂಧ ಬರೆದರೂ ಯಾರೂ ನೆನೆಯದಿದ್ದರೆ ಅದು ಸೊನ್ನೆ. ಒಂದೇ ಪ್ರಬಂಧ ಬರೆದು ಸಾವಿರ ಬಾರಿ ಉಲ್ಲೇಖಗೊಂಡವನ ಸೂಚ್ಯಂಕವಾದರೋ ಒಂದೇ! ಈ ಅಳತೆಯ ಉಪಯೋಗವೂ ಮಿತಿಯೂ ಇದರಿಂದ ಸ್ಪಷ್ಟವಾಗುತ್ತವೆ.

ಹಾಗಾದರೆ ಸಂಶೋಧನೆಯ ನಿಜವಾದ ತೂಕ ಯಾವುದು? ಬೆಳಗಾವಿ ಜಿಲ್ಲೆಯಲ್ಲಿಯೇ ಇದಕ್ಕೊಂದು ನಿದರ್ಶನವಿದೆ.

ಹೆರಿಗೆಯ ತರುವಾಯ ಅತಿಯಾಗಿ ರಕ್ತ ಹೋಗುವುದು ತಾಯಂದಿರ ಮರಣಕ್ಕೆ ಮುಖ್ಯ ಕಾರಣಗಳಲ್ಲೊಂದು. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿಡಬೇಕು. ಕೊಡಲು ತರಬೇತಿ ಪಡೆದವರು ಬೇಕು. ದೂರದ ಹಳ್ಳಿಯಲ್ಲಿ ಇವೆರಡೂ ದೊರೆಯದಿದ್ದರೆ ಗತಿಯೇನು? ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಗೆ ಶೀತಪೆಟ್ಟಿಗೆಯೂ ಬೇಡ, ಸೂಜಿಯೂ ಬೇಡ. ಅದು ಫಲಕಾರಿಯೇ ಎಂಬುದನ್ನು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಬಿ. ಎಸ್. ಕೊಡ್ಕಣಿ, ಶಿವಪ್ರಸಾದ ಗೌಡರ ಮೊದಲಾದವರು ಅಮೆರಿಕದ ರಿಚರ್ಡ್ ಡರ್ಮನ್‌ರೊಡನೆ ಸೇರಿ 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ ಪರೀಕ್ಷಿಸಿದರು. 1,620 ತಾಯಂದಿರಲ್ಲಿ 812 ಮಂದಿಗೆ ಆ ಗುಳಿಗೆಯನ್ನೂ, 808 ಮಂದಿಗೆ ನೋಡಲು ಅದರಂತೆಯೇ ಇದ್ದ, ಔಷಧಾಂಶವಿಲ್ಲದ ಗುಳಿಗೆಯನ್ನೂ ಕೊಡಲಾಯಿತು. ಹೆರಿಗೆ ಮಾಡಿಸಿದ 25 ಸಹಾಯಕ ದಾದಿಯರು ರಕ್ತಸ್ರಾವವನ್ನು ಕಣ್ಣಂದಾಜಿಗೆ ಬಿಡದೆ, ಗುರುತುಗಳಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಅಳೆದರು.

ಫಲಿತಾಂಶವು 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಔಷಧವಿಲ್ಲದವರಲ್ಲಿ ಶೇಕಡ 12ರಷ್ಟಿದ್ದ ಅತಿಸ್ರಾವವು ಔಷಧ ಪಡೆದವರಲ್ಲಿ ಶೇಕಡ 6.4ಕ್ಕೆ ಇಳಿದಿತ್ತು. ಅಂದರೆ ಗುಳಿಗೆ ಪಡೆದ ಪ್ರತಿ 18 ತಾಯಂದಿರಲ್ಲಿ ಒಬ್ಬಳಿಗೆ ಈ ಅಪಾಯ ತಪ್ಪಿತು. ನಾನಾ ದೇಶಗಳ ಸಂಶೋಧಕರು ಈ ಪ್ರಬಂಧವನ್ನು ನೂರಾರು ಕಡೆ ಉಲ್ಲೇಖಿಸಿದರು. ಬೇರೆಡೆಯ ಅಧ್ಯಯನಗಳೂ ಕೂಡಿಬಂದು, 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆಕ್ಸಿಟೋಸಿನ್ ಸಿಗದೆಡೆಯ ಬಳಕೆಗಾಗಿ ಈ ಗುಳಿಗೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಇಲ್ಲಿ ಉಲ್ಲೇಖವೆಂಬುದು ಕೇವಲ ಕೀರ್ತಿಯ ಲೆಕ್ಕವಾಗಿ ಉಳಿಯಲಿಲ್ಲ. ಒಂದು ಜಿಲ್ಲೆಯ ಅನುಭವವನ್ನು ಜಗತ್ತಿಗೆ ಮುಟ್ಟಿಸುವ ದಾರಿಯಾಯಿತು. ಆದರೆ ಸೂಚ್ಯಂಕವು ಲೇಖಕರನ್ನು ಮಾತ್ರ ಎಣಿಸುತ್ತದೆ. ಹಗಲಿರುಳೆನ್ನದೆ ಹೆರಿಗೆ ಮನೆಯಲ್ಲಿ ನಿಂತ ಆ 25 ದಾದಿಯರಾಗಲಿ, ನಂಬಿಕೆಯಿಂದ ಒಪ್ಪಿಗೆಯಿತ್ತ 1,620 ತಾಯಂದಿರಾಗಲಿ ಯಾವ ಸೂಚಿಯಲ್ಲಿಯೂ ಕಾಣುವುದಿಲ್ಲ. ಅವರಿಲ್ಲದೆ ಆ ಪ್ರಬಂಧವೇ ಇರುತ್ತಿರಲಿಲ್ಲ. ವಿದ್ವಾಂಸನ ಸಾಧನೆಯನ್ನು ಅಂಕಿಗಳಿಂದ ಅಳೆಯುವಾಗ, ಆ ಅಂಕಿಗಳ ಹಿಂದೆ ಯಾರ ಬದುಕು ಹಸನಾಯಿತೆಂದು ಕೇಳುವುದನ್ನೂ ನಾವು ಕಲಿಯಬೇಕು.